ಟ್ರಾಮ್ ಬೇಕಿದ್ದರೆ ಹಿಮವನ್ನೂ ಕೊಳ್ಳಿ

ಸ್ಟೀಮ್‌ನಲ್ಲಿ ರಿಯಾಯಿತಿ ಮಾರಾಟ ಶುರುವಾದಾಗಲೆಲ್ಲ 'ಸಿಟೀಸ್: ಸ್ಕೈಲೈನ್ಸ್' ಆಡುವ ಹೊಸಬರು ಹಳಬರನ್ನು ಕೇಳುವ ಪ್ರಶ್ನೆ ಒಂದೇ: ಯಾವ ಎಕ್ಸ್‌ಪ್ಯಾನ್ಷನ್ ಕೊಳ್ಳಲಿ, ಯಾವ ಮಾಡ್ ಹಾಕಿಕೊಳ್ಳಲಿ? ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ. ಬಂಡಲ್ ಅಗ್ಗಕ್ಕೆ ಸಿಗುತ್ತಿದೆ, ಎಲ್ಲವನ್ನೂ ಕೊಂಡುಬಿಡು. 'ಇವಿಲ್ಲದೆ ಆಡಲೇಬಾರದು' ಅನ್ನುವ ಮಾಡ್‌ಗಳದ್ದೊಂದು ಪಟ್ಟಿ ಇದೆ, ನೂರೋ ನೂರೈವತ್ತೋ ಇರಬಹುದು, ಎಲ್ಲಕ್ಕೂ ಸಬ್‌ಸ್ಕ್ರೈಬ್ ಮಾಡಿಬಿಡು.

ಈ ಸಲಹೆಯ ಹಿಂದೆ ಕೆಟ್ಟ ಉದ್ದೇಶವೇನಿಲ್ಲ. ಆದರೆ ಸಲಹೆ ಕೆಟ್ಟದ್ದು. ಆಯ್ಕೆಯ ಪ್ರಶ್ನೆಯನ್ನು ಅದು ಜೇಬಿನ ಪ್ರಶ್ನೆ ಮಾಡಿಬಿಡುತ್ತದೆ: ದುಡ್ಡಿದ್ದರೆ ಈಗಲೇ ಎಲ್ಲ, ಇಲ್ಲದಿದ್ದರೆ ಅಗ್ಗವಾದಾಗ ಎಲ್ಲ. ಊರು ಕಟ್ಟುವ ಆಟದಲ್ಲಿ ಏನನ್ನು ಸೇರಿಸಿಕೊಳ್ಳಬೇಕು ಅನ್ನುವುದರೊಳಗೆ ಊರು ಎಂದರೆ ಏನು ಅನ್ನುವ ಪ್ರಶ್ನೆ ಕೂತಿದೆ. ಯಾವುದು ಲೆಕ್ಕಕ್ಕೆ ಬರಬೇಕು? ಯಾವುದು ಕಣ್ಣಿಗೆ ಬೀಳದೆ ಮಾಯವಾದರೆ ನಡೆಯುತ್ತದೆ? ಯಾವುದು ಊರಿಗೆ ಹುಟ್ಟಿನಿಂದಲೇ ಇರಬೇಕಾದದ್ದು, ಯಾವುದು ಆಮೇಲೆ ಕೈಯಲ್ಲಿ ಕಾಸಾಡಿದಾಗ ತೊಡಿಸುವ ಒಡವೆ? ಎಲ್ಲವನ್ನೂ ಕಣ್ಣುಮುಚ್ಚಿ ಕೊಳ್ಳುವವರು ಈ ಪ್ರಶ್ನೆಗಳ ಉತ್ತರವನ್ನು ಕಂಪನಿಗೆ ಬಿಟ್ಟುಕೊಟ್ಟಿರುತ್ತಾರೆ.

ಆಟದ ಹಿನ್ನೆಲೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. 2013ರ ಮಾರ್ಚ್‌ನಲ್ಲಿ ಇಎ ಕಂಪನಿ ತನ್ನ ಹೆಸರಾಂತ 'ಸಿಮ್‌ಸಿಟಿ'ಯ ಹೊಸ ಆವೃತ್ತಿಯನ್ನು ಬಿಡುಗಡೆ ಮಾಡಿತು. ಒಬ್ಬರೇ ಕೂತು ಆಡುವುದಕ್ಕೂ ಸದಾ ಇಂಟರ್ನೆಟ್ ಸಂಪರ್ಕ ಇರಲೇಬೇಕು ಎಂದು ಕಟ್ಟು ಹಾಕಿತು. ಸರ್ವರ್‌ಗಳು ಕುಸಿದವು, ದುಡ್ಡು ಕೊಟ್ಟವರು ಬಾಗಿಲಲ್ಲೇ ನಿಂತರು. ಇಂಟರ್ನೆಟ್ ಇಲ್ಲದೆ ಆಡುವ ಅವಕಾಶ ಸಿಕ್ಕಿದ್ದು ಒಂದು ವರ್ಷದ ಮೇಲೆ. ಆ ಸಿಟ್ಟು ಆರುವ ಮುಂಚೆ, 2015ರ ಮಾರ್ಚ್ 10ರಂದು, ಫಿನ್ಲೆಂಡ್‌ನ ತಂಪೆರೆ ನಗರದ ಕೊಲಾಸಲ್ ಆರ್ಡರ್ ಎಂಬ ಪುಟ್ಟ ಕಂಪನಿ 'ಸಿಟೀಸ್: ಸ್ಕೈಲೈನ್ಸ್' ತಂದಿತು. ಪ್ರಕಾಶಕರು ಸ್ವೀಡನ್ನಿನ ಪ್ಯಾರಡಾಕ್ಸ್ ಇಂಟರಾಕ್ಟಿವ್. ಹದಿನೈದು ಮಂದಿಯೂ ಇಲ್ಲದ ತಂಡ ಮಾಡಿದ ಆಟ ಒಂದು ತಿಂಗಳಲ್ಲಿ ಹತ್ತು ಲಕ್ಷ ಪ್ರತಿ ಮಾರಾಟವಾಯಿತು. 2022ರ ಹೊತ್ತಿಗೆ ಆ ಸಂಖ್ಯೆ ಒಂದು ಕೋಟಿ ಇಪ್ಪತ್ತು ಲಕ್ಷ ದಾಟಿತ್ತು. 'ಸಿಮ್‌ಸಿಟಿ' ಮಾಡಿದ ಮ್ಯಾಕ್ಸಿಸ್‌ನ ಎಮೆರಿವಿಲ್ ಸ್ಟುಡಿಯೋವನ್ನು ಇಎ ಮುಚ್ಚಿದ್ದು ಅದೇ ಮಾರ್ಚ್‌ನ ಮೊದಲ ವಾರ.

ಗೆಲುವಿಗೆ ಒಂದು ದೊಡ್ಡ ಕಾರಣ, ಕೊಲಾಸಲ್ ಆರ್ಡರ್ ಮೊದಲ ದಿನದಿಂದಲೇ ಮಾಡ್‌ಗಳಿಗೆ ಬಾಗಿಲು ತೆರೆದಿಟ್ಟದ್ದು. ಹೊರಗಿನವರು ಕಟ್ಟಡದ ಮಾದರಿ ಮಾಡಿ ಸೇರಿಸಬಹುದು, ರಸ್ತೆಯ ನಡತೆಯನ್ನು ಬದಲಾಯಿಸಬಹುದು, ಜನ ಹುಟ್ಟುವ ಸಾಯುವ ಲೆಕ್ಕವನ್ನೇ ತಿದ್ದಬಹುದು. ಈ ಧಾರಾಳಕ್ಕೆ ಕಂಪನಿಯನ್ನು ಮೆಚ್ಚಲೇಬೇಕು. ಮುಂದೆ ಬರುವ ಟೀಕೆಯ ಜೊತೆಗೆ ಇದನ್ನೂ ನೆನಪಿಟ್ಟುಕೊಳ್ಳುವುದು ನ್ಯಾಯ.

ಈಗ ಮೂಲ ಆಟವನ್ನು ನೋಡೋಣ, ಯಾವ ಎಕ್ಸ್‌ಪ್ಯಾನ್ಷನ್ನೂ ಮಾಡೂ ಇಲ್ಲದೆ. ಅದರ ಪ್ರಕಾರ ಊರು ಹುಟ್ಟುವುದು ಹೆದ್ದಾರಿಯಿಂದ. ಖಾಲಿ ನೆಲಕ್ಕೆ ಒಂದು ಹೆದ್ದಾರಿ ಬಂದು ನಿಂತಿರುತ್ತದೆ, ಆಡುವವರು ಅಲ್ಲಿಂದ ರಸ್ತೆ ಎಳೆಯುತ್ತಾರೆ. ರಸ್ತೆಯ ಪಕ್ಕಕ್ಕೆ ಹಸಿರು ಬಳಿದರೆ ಮನೆ, ನೀಲಿ ಬಳಿದರೆ ಅಂಗಡಿ, ಹಳದಿ ಬಳಿದರೆ ಕಾರ್ಖಾನೆ. ಒಂದು ಜಾಗಕ್ಕೆ ಒಂದೇ ಬಣ್ಣ. ಮನೆಯಿದ್ದಲ್ಲಿ ಅಂಗಡಿ ಇಲ್ಲ, ಅಂಗಡಿಯಿದ್ದಲ್ಲಿ ಮನೆ ಇಲ್ಲ. ಇದು ನಗರಗಳ ಸಹಜ ಸ್ವಭಾವವೇನಲ್ಲ. ಇದು ಅಮೆರಿಕದ ಕಾನೂನಿನ ಕೂಸು. ಒಹಾಯೋ ರಾಜ್ಯದ ಯೂಕ್ಲಿಡ್ ಎಂಬ ಸಣ್ಣ ಊರಿನ ಮೊಕದ್ದಮೆಯಲ್ಲಿ 1926ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಮನೆ, ಅಂಗಡಿ, ಕಾರ್ಖಾನೆಗಳನ್ನು ಬೇರೆ ಬೇರೆ ವಲಯಗಳಲ್ಲಿ ಇಡುವ ಪದ್ಧತಿಗೆ ಮೊಹರು ಒತ್ತಿತು. 1989ರ ಮೊದಲ 'ಸಿಮ್‌ಸಿಟಿ' ಅದನ್ನೇ ಆಟದ ನಿಯಮ ಮಾಡಿಕೊಂಡಿತು, ಆಮೇಲೆ ಬಂದವು ಅದನ್ನೇ ಅನುಸರಿಸಿದವು. ಕೆಳಗೆ ಬಟ್ಟೆ ಅಂಗಡಿ, ಮೇಲೆ ಸಂಸಾರ, ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇರುವ ಚಿಕ್ಕಪೇಟೆಯ ಮನೆ, ದಾದರ್‌ನ ಮನೆ, ಸುಲ್ತಾನ್ ಬಜಾರ್‌ನ ಮನೆ ಈ ಆಟಕ್ಕೆ ಅರ್ಥವೇ ಆಗುವುದಿಲ್ಲ. ಮನೆ ಅಂಗಡಿ ಒಟ್ಟಿಗಿರುವ ವಲಯ ಸಿಕ್ಕಿದ್ದು ಎಂಟು ವರ್ಷ ಕಳೆದು, 2023ರ ಎರಡನೇ ಆವೃತ್ತಿಯಲ್ಲಿ.

ಕಾರಿನ ವಿಷಯ ಇನ್ನೂ ಸ್ವಾರಸ್ಯದ್ದು. ಮೂಲ ಆಟದಲ್ಲಿ ಊರಿನವರು ಕಾರನ್ನು ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಾರೆ ಅನ್ನಬಹುದು. ಬೇಕಾದಾಗ ಕಾರು ಎಲ್ಲಿಂದಲೋ ಪ್ರತ್ಯಕ್ಷವಾಗುತ್ತದೆ, ನಿಲ್ಲಿಸಲು ಜಾಗ ಸಿಗದಿದ್ದರೆ ಮಾಯವಾಗುತ್ತದೆ. ಟ್ರಾಫಿಕ್‌ನಲ್ಲಿ ಬಹಳ ಹೊತ್ತು ಸಿಕ್ಕಿಕೊಂಡ ವಾಹನವನ್ನು ಆಟವೇ ರಸ್ತೆಯಿಂದ ಎತ್ತಿ ಅಳಿಸಿಹಾಕುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಇಪ್ಪತ್ತು ನಿಮಿಷ ನಿಂತ ಕಾರು ಸದ್ದಿಲ್ಲದೆ ಆವಿಯಾದರೆ ಹೇಗಿರುತ್ತದೋ ಹಾಗೆ. 2013ರ 'ಸಿಮ್‌ಸಿಟಿ'ಯ ಮುಖ್ಯ ವಿನ್ಯಾಸಕ ಸ್ಟೋನ್ ಲಿಬ್ರಾಂಡೆ ಇಂಥದ್ದೇ ಸಂಗತಿಯನ್ನು ಒಂದು ಸಂದರ್ಶನದಲ್ಲಿ ನೇರವಾಗಿ ಒಪ್ಪಿಕೊಂಡಿದ್ದರು. ನಿಜವಾದ ಅಂಗಡಿಗಳನ್ನು ಅಳೆದು ನೋಡಿದಾಗ ಪಾರ್ಕಿಂಗ್ ಜಾಗ ಅಂಗಡಿಗಿಂತ ದೊಡ್ಡದಾಗಿತ್ತಂತೆ. ಅದನ್ನು ಹಾಗೇ ತೋರಿಸಿದರೆ ಆಟ ಬೇಸರ ತರಿಸುತ್ತದೆ, ಹಾಗಾಗಿ ಪಾರ್ಕಿಂಗ್ ಎಲ್ಲ ನೆಲದಡಿಯಲ್ಲಿದೆ ಎಂದು ಅಂದುಕೊಂಡೆವು ಅನ್ನುವುದು ಅವರ ಮಾತಿನ ಸಾರ. ಕಾರು ಊರಿನ ಎಷ್ಟು ನೆಲವನ್ನು ನುಂಗುತ್ತದೆ ಅನ್ನುವುದು ಆಟ ಮಾಡಿದವರಿಗೆ ಗೊತ್ತಿತ್ತು. ತೋರಿಸದಿರುವುದು ಅವರ ತೀರ್ಮಾನ.

ಎಕ್ಸ್‌ಪ್ಯಾನ್ಷನ್‌ಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 2015ರಿಂದ 2023ರವರೆಗೆ ದೊಡ್ಡವು ಚಿಕ್ಕವು ಸೇರಿ ಒಂದು ಡಜನ್‌ಗೂ ಹೆಚ್ಚು ಬಂದವು. ಪೂರ್ತಿ ಬೆಲೆ ಕೊಟ್ಟು ಎಲ್ಲ ಕೊಂಡರೆ ಮೂಲ ಆಟದ ಹಲವು ಪಟ್ಟು ಖರ್ಚಾಗುತ್ತದೆ. ಬೆಲೆಯ ಬಗ್ಗೆ ಗೊಣಗಾಟ ಸಾಕಷ್ಟು ಆಗಿದೆ. ಯಾವುದಕ್ಕೆ ಬೆಲೆ, ಯಾವುದಕ್ಕಿಲ್ಲ ಅನ್ನುವುದರ ಬಗ್ಗೆ ಅಷ್ಟು ಮಾತು ಆಗಿಲ್ಲ.

ಆರು ಪಥದ ರಸ್ತೆ ಮೂಲ ಆಟದಲ್ಲೇ ಇದೆ. ಹೆದ್ದಾರಿ ಇದೆ, ಮೇಲ್ಸೇತುವೆ ಇದೆ. ಬಸ್ಸು, ಮೆಟ್ರೋ, ರೈಲು ಇವೆ, ಅದನ್ನೂ ಹೇಳಬೇಕು. ಆದರೆ ಬಸ್ಸಿಗೆಂದೇ ಮೀಸಲಾದ ಪಥ ಬೇಕೆ? 2015ರ 'ಆಫ್ಟರ್ ಡಾರ್ಕ್' ಕೊಳ್ಳಬೇಕು. ಸೈಕಲ್ ಮತ್ತು ಸೈಕಲ್ ಪಥ ಬೇಕೆ? ಅದೂ 'ಆಫ್ಟರ್ ಡಾರ್ಕ್'ನಲ್ಲೇ. ದೋಣಿ, ಮಾನೋರೈಲು, ಕೇಬಲ್ ಕಾರು ಬೇಕೆ? 2017ರ 'ಮಾಸ್ ಟ್ರಾನ್ಸಿಟ್'. ಟ್ರಾಲಿ ಬಸ್ಸು ಬೇಕೆ? 2020ರ 'ಸನ್‌ಸೆಟ್ ಹಾರ್ಬರ್'. ನಡೆದು ಹೋಗುವವರಿಗೆಂದೇ ಇರುವ ಬೀದಿಯ ಪಕ್ಕ ಅಂಗಡಿ ಮನೆ ಎದ್ದೇಳಬೇಕೆ? 2022ರ 'ಪ್ಲಾಜಾಸ್ ಅಂಡ್ ಪ್ರೊಮನೇಡ್ಸ್' ಬರುವವರೆಗೆ ಏಳು ವರ್ಷ ಕಾಯಬೇಕಿತ್ತು. ಎಲ್ಲಕ್ಕಿಂತ ಸೊಗಸಾದದ್ದು ಟ್ರಾಮ್‌ನ ಕತೆ. ಅದು ಬಂದದ್ದು 2016ರ 'ಸ್ನೋಫಾಲ್'ನಲ್ಲಿ. ಹಿಮ ಬೀಳುವ ನಕ್ಷೆಗಳು, ಹಿಮ ತೆಗೆಯುವ ಲಾರಿಗಳು, ಮನೆ ಬೆಚ್ಚಗಿಡುವ ಬಾಯ್ಲರ್‌ಗಳು, ಜೊತೆಗೆ ಟ್ರಾಮ್. ಕೊಲ್ಕತ್ತಾದ ಹಾಗೆ ಬಿಸಿಲೂರಿನಲ್ಲಿ ಟ್ರಾಮ್ ಓಡಿಸಬೇಕು ಅನ್ನುವವರೂ ಹಿಮವನ್ನು ಕೊಳ್ಳಲೇಬೇಕು. ರಸ್ತೆ ದುರಸ್ತಿಯ ಡಿಪೋ ಕೂಡ ಹಿಮದ ಪೊಟ್ಟಣದಲ್ಲೇ ಇದೆ. ಹಿಮ ಬೀಳದ ಊರಿನಲ್ಲಿ ರಸ್ತೆ ಹಾಳಾಗುವುದಿಲ್ಲ ಎಂದು ತಂಪೆರೆಯಲ್ಲಿ ಕೂತವರಿಗೆ ಅನ್ನಿಸಿರಬೇಕು. ಬೆಂಗಳೂರಿಗೆ ಒಂದು ಮಳೆಗಾಲದಲ್ಲಿ ಬಂದು ಹೋಗಿದ್ದರೆ ಹಾಗೆ ಅನ್ನಿಸುತ್ತಿರಲಿಲ್ಲ.

ಇದು ಯಾರದೋ ಪಿತೂರಿ ಎಂದು ಇಲ್ಲಿ ಹೇಳುತ್ತಿಲ್ಲ. ಪಿತೂರಿ ಆಗಿದ್ದರೆ ಬಯಲು ಮಾಡಿ ಮುಗಿಸಬಹುದಿತ್ತು. ಇದು ಅಭ್ಯಾಸ. ಕಾರು ಮತ್ತು ರಸ್ತೆ ಊರಿನ ಬುನಾದಿ, ನಡಿಗೆ ಸೈಕಲ್ಲು ಟ್ರಾಮು ಆಮೇಲಿನ ಸೊಗಸು ಅನ್ನುವ ನಂಬಿಕೆ ಎಷ್ಟು ಆಳಕ್ಕೆ ಇಳಿದಿದೆ ಎಂದರೆ, ಯಾವುದನ್ನು ಬಿಟ್ಟಿ ಕೊಡಬೇಕು ಯಾವುದನ್ನು ಮಾರಬೇಕು ಎಂದು ಕೂತು ವಿಂಗಡಿಸಿದಾಗ ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಎರಡನೇ ಆವೃತ್ತಿ ಬಂದಾಗಲೂ ಅದರಲ್ಲಿ ಸೈಕಲ್ ಇರಲಿಲ್ಲ. ಎಂಟು ವರ್ಷ ಆಟ ಬೆಳೆಸಿದ ಮೇಲೂ ಸೈಕಲ್ಲು ಪಟ್ಟಿಯ ಕೊನೆಯಲ್ಲೇ ಉಳಿಯಿತು.

ಹಾಗಾದರೆ ಟ್ರಾಮು, ಸೈಕಲ್ಲು, ನಡಿಗೆಯ ಬೀದಿ ಇರುವ ಪೊಟ್ಟಣಗಳನ್ನೆಲ್ಲ ಕೊಂಡುಬಿಟ್ಟರೆ ಊರು ಸರಿಹೋಯಿತೆ? ಇಲ್ಲ. ಎಕ್ಸ್‌ಪ್ಯಾನ್ಷನ್ ಕೊಡುವುದು ಬಹುಮಟ್ಟಿಗೆ ನಾಮಪದಗಳನ್ನು. ವಿಮಾನ ನಿಲ್ದಾಣ, ವಿಶ್ವವಿದ್ಯಾಲಯ, ಮೃಗಾಲಯ, ಹೋಟೆಲು, ಷೇರುಪೇಟೆ. ಆದರೆ ಕನ್ನಡದ ವಾಕ್ಯ ತನ್ನ ಅರ್ಥವನ್ನು ಕೊನೆಯ ಕ್ರಿಯಾಪದದಲ್ಲಿ ಬಚ್ಚಿಟ್ಟುಕೊಂಡಿರುತ್ತದೆ. ನಾಮಪದಗಳನ್ನು ಎಷ್ಟೇ ಪೇರಿಸಿದರೂ ಯಾರು ಏನು ಮಾಡಿದರು ಅನ್ನುವುದು ಕ್ರಿಯಾಪದ ಬರುವವರೆಗೆ ಗೊತ್ತಾಗುವುದಿಲ್ಲ. ಆಟದ ಕ್ರಿಯಾಪದಗಳು ಬೇರೆ ಕಡೆ ಇವೆ: ಕಾರು ಮಾಯವಾಗುತ್ತದೆ, ಮಳೆ ಬೀಳುತ್ತದೆ ಆದರೆ ಹರಿಯುವುದಿಲ್ಲ, ಮನೆಗೆ ಬುಲ್‌ಡೋಜರ್ ತಾಗಿಸಿದರೆ ಒಳಗಿದ್ದವರು ಸುಮ್ಮನೆ ಎದ್ದುಹೋಗುತ್ತಾರೆ. ಈ ಕ್ರಿಯಾಪದಗಳನ್ನು ಯಾವ ಎಕ್ಸ್‌ಪ್ಯಾನ್ಷನ್ನೂ ಮುಟ್ಟಲಿಲ್ಲ. ಮುಟ್ಟಿದ್ದು ಮಾಡ್‌ಗಳು. ಕಾಕತಾಳೀಯವಾಗಿ ಕನ್ನಡದ ಕಿವಿಗೆ ಆ ಹೆಸರೇ ಒಂದು ಕ್ರಿಯಾಪದ. ಎಕ್ಸ್‌ಪ್ಯಾನ್ಷನ್ ಕೊಳ್ಳುವುದು, ಮಾಡ್ ಮಾಡುವುದು.

ಹಾಗೆಂದು ಮಾಡ್‌ಗಳೆಲ್ಲ ಒಳ್ಳೆಯವು, ಎಕ್ಸ್‌ಪ್ಯಾನ್ಷನ್‌ಗಳೆಲ್ಲ ಕೆಟ್ಟವು ಎಂದು ಗೆರೆ ಎಳೆಯುವುದು ಸೋಮಾರಿತನ. ಮಾಡ್‌ಗಳಲ್ಲಿ ಎರಡು ಬಗೆ. ಆಟ ಮುಚ್ಚಿಟ್ಟದ್ದನ್ನು ತೆರೆದು ತೋರಿಸುವವು ಒಂದು ಬಗೆ, ತೋರುತ್ತಿದ್ದದ್ದನ್ನೂ ಮುಚ್ಚಿಹಾಕುವವು ಇನ್ನೊಂದು. ಆಯ್ಕೆಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ.

ಮೊದಲ ಬಗೆಗೆ ದೊಡ್ಡ ಉದಾಹರಣೆ 'ಟ್ರಾಫಿಕ್ ಮ್ಯಾನೇಜರ್: ಪ್ರೆಸಿಡೆಂಟ್ ಎಡಿಷನ್'. ಹೆಚ್ಚಿನವರು ಇದನ್ನು ಹಾಕಿಕೊಳ್ಳುವುದು ಸಿಗ್ನಲ್ ಹೊಂದಿಸಲು, ಯಾವ ಪಥದಿಂದ ಯಾವ ಕಡೆ ತಿರುಗಬೇಕೆಂದು ಗೆರೆ ಎಳೆಯಲು. ಅದರ ನಿಜವಾದ ಶಕ್ತಿ ಎರಡು ಆಯ್ಕೆಗಳಲ್ಲಿದೆ. ಒಂದು, ಸಿಕ್ಕಿಕೊಂಡ ವಾಹನ ಮಾಯವಾಗದ ಹಾಗೆ ಮಾಡುವುದು. ಇನ್ನೊಂದು, ಪಾರ್ಕಿಂಗನ್ನು ನಿಜ ಮಾಡುವುದು. ಎರಡನ್ನೂ ಒತ್ತಿದ ಮರುಗಳಿಗೆ ಚೆನ್ನಾಗಿ ನಡೆಯುತ್ತಿದ್ದ ಊರು ಉಸಿರುಗಟ್ಟುತ್ತದೆ. ಕಸದ ಲಾರಿ ಬರುವುದಿಲ್ಲ, ಆಂಬುಲೆನ್ಸ್ ತಲುಪುವುದಿಲ್ಲ, ಜನ ಕಾರು ನಿಲ್ಲಿಸಲು ಜಾಗ ಹುಡುಕಿಕೊಂಡು ಸುತ್ತುತ್ತಾರೆ. ಆಗ ಆಡುವವರು ಸಾಮಾನ್ಯವಾಗಿ ಮೊದಲು ಮಾಡುವುದು ರಸ್ತೆ ಅಗಲ ಮಾಡುವುದು. ಅಗಲ ಮಾಡಿದ ರಸ್ತೆ ಮುಂದಿನ ಜಂಕ್ಷನ್ನಿನಲ್ಲಿ ಕಟ್ಟಿಕೊಳ್ಳುತ್ತದೆ. ನಾಲ್ಕಾರು ಗಂಟೆ ಹೀಗೆ ಒದ್ದಾಡಿದ ಮೇಲೆ ಬಸ್ ಪಥ ಏಕೆ ಬೇಕು, ಮನೆಯ ಪಕ್ಕ ಅಂಗಡಿ ಏಕೆ ಬೇಕು ಅನ್ನುವುದು ಬೆರಳಿಗೇ ಅರ್ಥವಾಗುತ್ತದೆ. 'ಮಾಸ್ ಟ್ರಾನ್ಸಿಟ್' ಕೊಂಡಿದ್ದಕ್ಕೆ ಅರ್ಥ ಬರುವುದು ಈ ಎರಡು ಆಯ್ಕೆಗಳನ್ನು ಒತ್ತಿದ ಮೇಲೆ. ಅಲ್ಲಿಯವರೆಗೆ ದೋಣಿಯೂ ಮಾನೋರೈಲೂ ಅಂದದ ಗೊಂಬೆಗಳು.

ಎರಡನೆಯ ಉದಾಹರಣೆ 'ರೈನ್‌ಫಾಲ್' ಎಂಬ ಮಾಡ್. ಮೂಲ ಆಟದಲ್ಲಿ ನದಿಯ ನೀರು ನಿಜವಾಗಿ ಹರಿಯುತ್ತದೆ, ಅಣೆಕಟ್ಟು ತಪ್ಪಾಗಿ ಕಟ್ಟಿದರೆ ಊರು ಮುಳುಗುತ್ತದೆ. ಮಳೆ ಮಾತ್ರ ಬರೀ ಚಿತ್ರ. 2016ರ 'ನ್ಯಾಚುರಲ್ ಡಿಸಾಸ್ಟರ್ಸ್' ಸುನಾಮಿಯನ್ನೂ ಉಲ್ಕೆಯನ್ನೂ ಮಾರಿತು. ಪ್ರವಾಹವೆಂದರೆ ಎಲ್ಲಿಂದಲೋ ಬಂದೆರಗುವ ವಿಪತ್ತು ಅನ್ನುವುದು ಅದರ ತಿಳಿವಳಿಕೆ. 'ರೈನ್‌ಫಾಲ್' ಮಾಡ್ ಹಾಕಿದರೆ ಬಿದ್ದ ಮಳೆ ಚಾವಣಿಯಿಂದ, ರಸ್ತೆಯಿಂದ ಹರಿದು ತಗ್ಗಿಗೆ ಬರುತ್ತದೆ. ಕಟ್ಟಿದಷ್ಟೂ ಹರಿವು ಜಾಸ್ತಿ. ಚರಂಡಿ ಇಡಬೇಕು, ನೀರು ನಿಲ್ಲಲು ಹೊಂಡ ಬಿಡಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತ ಐಷಾರಾಮಿ ಬಡಾವಣೆಗಳಿಂದ ಜನರನ್ನು ಟ್ರಾಕ್ಟರಿನಲ್ಲಿ, ದೋಣಿಯಲ್ಲಿ ಹೊರತಂದದ್ದನ್ನು ಟಿವಿಯಲ್ಲಿ ನೋಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾದ, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾದ ಊರಿನವರಿಗೆ ಸುನಾಮಿಯ ಪೊಟ್ಟಣಕ್ಕಿಂತ ಈ ಉಚಿತ ಮಾಡ್ ಹತ್ತಿರದ್ದು. ಅಲ್ಲಿ ಕೆರೆ ಮುಚ್ಚಿದವರೂ ಮುಳುಗುವವರೂ ಒಂದೇ ನಕ್ಷೆಯಲ್ಲಿ ಇರುತ್ತಾರೆ.

ಎರಡನೇ ಬಗೆಯ ಮಾಡ್‌ಗಳಿಗೆ ಬರೋಣ. ಖಜಾನೆ ಎಂದೂ ಬರಿದಾಗದಂತೆ ಮಾಡುವವು, ಕಸವನ್ನೂ ಹೆಣವನ್ನೂ ಒಂದು ಗುಂಡಿ ಒತ್ತಿ ಅಳಿಸುವವು, ಕಟ್ಟಡ ಪಾಳು ಬಿದ್ದರೆ ತಾನಾಗಿ ಒಡೆದುಹಾಕುವವು. 'ಆಟ ಸರಾಗವಾಗುತ್ತದೆ' ಎಂದು ಪಟ್ಟಿಗಳು ಇವನ್ನು ಹೊಗಳುತ್ತವೆ. ಪಾಳುಬಿದ್ದ ಮನೆ ಆಟ ಹೇಳುವ ಒಂದು ಮಾತು: ಇಲ್ಲಿ ಏನೋ ತಪ್ಪಾಗಿದೆ, ನೀರು ಬಂದಿಲ್ಲ, ಕೆಲಸ ಸಿಕ್ಕಿಲ್ಲ. ಆ ಮಾತು ಕಿವಿಗೆ ಬೀಳುವ ಮುಂಚೆ ಬಾಯಿ ಮುಚ್ಚಿಸುವ ಮಾಡ್ ಸರಾಗದ ಹೆಸರಿನಲ್ಲಿ ಕಿವುಡುತನ ಕೊಡುತ್ತದೆ. ಆಟದಲ್ಲಿ ಒಂದೇ ಕಾಲಕ್ಕೆ ಸಾವಿರಾರು ಜನ ಸಾಯುವ ವಿಚಿತ್ರವನ್ನೇ ನೋಡಿ. ಒಮ್ಮೆಲೇ ದೊಡ್ಡ ಬಡಾವಣೆ ತೆರೆದರೆ ಒಂದೇ ವಯಸ್ಸಿನವರು ಬಂದು ತುಂಬುತ್ತಾರೆ, ಒಟ್ಟಿಗೆ ಮುದುಕರಾಗುತ್ತಾರೆ, ಒಟ್ಟಿಗೆ ಸಾಯುತ್ತಾರೆ. ಹೆಣ ಅಳಿಸುವ ಗುಂಡಿ ಇದಕ್ಕೆ ಒಂದು ಪರಿಹಾರ. ಬರುವವರ ವಯಸ್ಸನ್ನು ಹರಡಿ ಬದುಕಿನ ಲೆಕ್ಕ ತಿದ್ದುವ 'ಲೈಫ್‌ಸೈಕಲ್ ರಿಬ್ಯಾಲೆನ್ಸ್' ಇನ್ನೊಂದು ಪರಿಹಾರ. ಒಂದು ರೋಗದ ಗುರುತನ್ನು ಒರೆಸುತ್ತದೆ, ಇನ್ನೊಂದು ರೋಗವನ್ನು ಹುಡುಕುತ್ತದೆ.

ದೊಡ್ಡದೇ ದೊಡ್ಡದು ಅನ್ನುವ ಹುಚ್ಚಿಗೂ ಒಂದು ಮಾತು. ಮೂಲ ಆಟದಲ್ಲಿ ಒಂಬತ್ತು ಚೌಕಗಳಷ್ಟು, ಸುಮಾರು 36 ಚದರ ಕಿಲೋಮೀಟರ್ ಜಾಗ ಸಿಗುತ್ತದೆ. '81 ಟೈಲ್ಸ್' ಮಾಡ್ ಹಾಕಿದರೆ ಅದರ ಒಂಬತ್ತು ಪಟ್ಟು. ಹತ್ತು ಲಕ್ಷ ಜನಸಂಖ್ಯೆಯ ಮಹಾನಗರ ಕಟ್ಟಿದೆ ಎಂದು ಹೆಮ್ಮೆಪಡುವವರು ಬಹಳ. ಆದರೆ ಆಟದ ಯಂತ್ರಕ್ಕೆ ತನ್ನದೇ ಮಿತಿ ಇದೆ. ಒಂದು ಕ್ಷಣದಲ್ಲಿ ಊರಿನಲ್ಲಿ ಓಡಾಡಬಲ್ಲ ವಾಹನಗಳು 16,384, ಮನೆಯಿಂದ ಹೊರಗೆ ಕಾಣಿಸಿಕೊಳ್ಳಬಲ್ಲ ಜನ 65,536. ಊರು ಎಷ್ಟೇ ಬೆಳೆದರೂ ಈ ಸಂಖ್ಯೆಗಳು ಬೆಳೆಯುವುದಿಲ್ಲ. ಮಿತಿ ಮುಟ್ಟಿದ ಮೇಲೆ ಹೊಸ ಬಡಾವಣೆ ಕಟ್ಟಿದಷ್ಟೂ ಬೀದಿಗಳು ಖಾಲಿಯಾಗುತ್ತವೆ. ಟ್ರಾಫಿಕ್ ಗೆದ್ದೆ ಅಂದುಕೊಂಡವರ ಊರಿನಲ್ಲಿ ಎಷ್ಟೋ ಸಲ ಟ್ರಾಫಿಕ್ ಹುಟ್ಟಿಯೇ ಇರುವುದಿಲ್ಲ. ಒಂದು ಲಕ್ಷ ಜನರ ಊರು ಕಟ್ಟಿದವರಿಗೆ ಸಿಗುವ ಊರು ನಿಜ, ಹತ್ತು ಲಕ್ಷದವರಿಗೆ ಸಿಗುವುದು ಹಿನ್ನೆಲೆಯ ಪರದೆ.

ಇಷ್ಟಕ್ಕೆ ಬರುವ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವಂಥದ್ದು. ಇದು ಆಟ ಕಣ್ರೀ, ದಿನವಿಡೀ ದುಡಿದು ಬಂದವರು ರಾತ್ರಿ ಒಂದು ಗಂಟೆ ಹಗುರಾಗಲು ಕೂರುತ್ತಾರೆ, ಅದರಲ್ಲೂ ಪಾಠವೇ? ಹಗುರಾಗುವುದು ತಪ್ಪಲ್ಲ. ಆದರೆ ಈ ಆಟದ ಹಗುರತನ ಎಲ್ಲಿಂದ ಬರುತ್ತದೆ ಅನ್ನುವುದನ್ನು ನೋಡಬೇಕು. ಮೇಲಿನಿಂದ ನೋಡುವ ಒಬ್ಬ ಮೇಯರ್, ಯಾರನ್ನೂ ಕೇಳಬೇಕಿಲ್ಲ, ಚುನಾವಣೆ ಇಲ್ಲ, ವಾರ್ಡ್ ಸಭೆ ಇಲ್ಲ, ಪರಿಹಾರ ಕೊಡಬೇಕಿಲ್ಲ, ಕೋರ್ಟಿನ ತಡೆಯಾಜ್ಞೆ ಇಲ್ಲ. ರಸ್ತೆ ಬೇಕು ಅನ್ನಿಸಿದರೆ ಎಳೆದರಾಯಿತು. ಊರಿನ ಬಗ್ಗೆ ಹೀಗೆ ಯೋಚಿಸುವುದು ಆಟದ ಹೊರಗೂ ಇದೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ರಸ್ತೆ ಕೊರೆಯುವ ಯೋಜನೆಯಲ್ಲಿದೆ, ದ್ವಿಚಕ್ರ ತ್ರಿಚಕ್ರ ವಾಹನಗಳನ್ನು ಒಳಗೇ ಬಿಡದ ಮುಂಬೈನ ಕೋಸ್ಟಲ್ ರೋಡ್‌ನಲ್ಲಿದೆ. ಆಟದಿಂದ ಇವು ಹುಟ್ಟಿದವು ಎಂದಲ್ಲ. ಇವೂ ಆ ಆಟವೂ ಒಂದೇ ಕಲ್ಪನೆಯ ಮಕ್ಕಳು. ರಾತ್ರಿ ಆ ಕಲ್ಪನೆಯಲ್ಲಿ ಹಗುರಾದವರಿಗೆ ಬೆಳಿಗ್ಗೆ ಅದು ಸಹಜವಾಗಿ ಕಾಣುತ್ತದೆ. ಆಟವನ್ನು ಗಂಭೀರವಾಗಿ ತೆಗೆದುಕೊಂಡವರೂ ಇದ್ದಾರೆ: ಸ್ಟಾಕ್‌ಹೋಮ್‌ನ ನೊರಾ ಯೂರ್‌ಗೋರ್ಡ್‌ಸ್ಟಾಡೆನ್ ಎಂಬ ಹೊಸ ಬಡಾವಣೆಯ ಚರ್ಚೆಗೆ 2016ರಲ್ಲಿ ಇದೇ ಆಟವನ್ನು ಬಳಸಿಕೊಳ್ಳಲಾಗಿತ್ತು.

ಎರಡನೇ ಆಕ್ಷೇಪಕ್ಕೆ ತೂಕ ಹೆಚ್ಚು. ಪುಟ್ಟ ಕಂಪನಿ ಬದುಕಬೇಕಲ್ಲ? ಪ್ರತಿ ಎಕ್ಸ್‌ಪ್ಯಾನ್ಷನ್ ಜೊತೆಗೂ ಎಲ್ಲರಿಗೂ ಸಿಗುವ ಉಚಿತ ಅಪ್‌ಡೇಟ್ ಬರುತ್ತಿತ್ತಲ್ಲ? ಹಗಲು ರಾತ್ರಿಯ ಚಕ್ರ ಬಂದದ್ದೇ ಹಾಗೆ. ನಿಜ. ಕೊಳ್ಳುವವರು ಇದ್ದುದರಿಂದಲೇ ಆಟ ಎಂಟು ವರ್ಷ ಉಸಿರಾಡಿತು. ಇಲ್ಲಿ ವಿರೋಧ ಇರುವುದು ಮಾರುವುದಕ್ಕಲ್ಲ, ಎಲ್ಲವನ್ನೂ ಕೊಳ್ಳುವುದಕ್ಕೆ. ವಿವೇಚನೆಯಿಲ್ಲದೆ ಕೊಳ್ಳುವ ಗಿರಾಕಿ ಕಂಪನಿಗೂ ಒಳ್ಳೆಯದು ಮಾಡುವುದಿಲ್ಲ. ಎರಡನೇ ಆವೃತ್ತಿಯ ಕತೆ ನೋಡಿ. ಆಟ ಬಿಡುಗಡೆಯಾದಾಗ ಮಾಡ್ ಮಾಡುವ ಸಲಕರಣೆಗಳೇ ಇರಲಿಲ್ಲ, ಹಳೆಯ ಆಟದ ಜೀವಾಳವೇ ಹೊರಗುಳಿದಿತ್ತು. ಆಟವೂ ತೆವಳುತ್ತಿತ್ತು. ಅದನ್ನು ಸರಿಪಡಿಸುವ ಕೆಲಸ ನಡೆಯುತ್ತಿರುವಾಗಲೇ 2024ರ ಮಾರ್ಚ್‌ನಲ್ಲಿ 'ಬೀಚ್ ಪ್ರಾಪರ್ಟೀಸ್' ಎಂಬ ಪೊಟ್ಟಣವನ್ನು ಮಾರಾಟಕ್ಕಿಟ್ಟರು. ಸಮುದ್ರ ತೀರದ ಮನೆಗಳು, ತಾಳೆ ಮರಗಳು. ಆಡುವವರು ತಿರುಗಿಬಿದ್ದರು. ಮುಂದಿನ ತಿಂಗಳೇ ಕಂಪನಿ ಕ್ಷಮೆ ಕೇಳಿ ದುಡ್ಡು ವಾಪಸ್ ಕೊಡಲು ಒಪ್ಪಿ ಪೊಟ್ಟಣವನ್ನು ಉಚಿತ ಮಾಡಿತು. 2025ರ ನವೆಂಬರ್‌ನಲ್ಲಿ ಪ್ಯಾರಡಾಕ್ಸ್ ಮತ್ತು ಕೊಲಾಸಲ್ ಆರ್ಡರ್ ಬೇರೆಯಾಗುತ್ತಿರುವ ಸುದ್ದಿ ಬಂತು, ಆಟವನ್ನು ತಂಪೆರೆಯದೇ ಐಸ್‌ಫ್ಲೇಕ್ ಎಂಬ ಇನ್ನೊಂದು ಸ್ಟುಡಿಯೋಗೆ ಒಪ್ಪಿಸಲಾಯಿತು. ಕ್ರಿಯಾಪದ ಕೈಕೊಟ್ಟಾಗ ನಾಮಪದ ಮಾರಿದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಮೂರನೇ ಆಕ್ಷೇಪ: ಮಾಡ್‌ಗಳು ಒಡೆಯುತ್ತವೆ, ಒಂದಕ್ಕೊಂದು ಜಗಳವಾಡುತ್ತವೆ, ಅಪ್‌ಡೇಟ್ ಬಂದ ಮರುದಿನ ಕಟ್ಟಿದ ಊರು ತೆರೆಯುವುದೇ ಇಲ್ಲ. ಇದೂ ನಿಜ, ಮತ್ತು ನೂರೈವತ್ತು ಮಾಡ್‌ಗಳ ಪಟ್ಟಿಯ ವಿರುದ್ಧ ಇದೇ ಒಳ್ಳೆಯ ವಾದ. ಹೆಚ್ಚಿನ ಮಾಡ್‌ಗಳನ್ನು ಯಾರೋ ಒಬ್ಬರು ಸಂಬಳವಿಲ್ಲದೆ, ತಮ್ಮ ಬಿಡುವಿನಲ್ಲಿ ಬರೆದಿರುತ್ತಾರೆ. ನೂರೈವತ್ತು ಹಾಕಿಕೊಂಡವರು ನೂರೈವತ್ತು ಅಪರಿಚಿತರ ಬಿಡುವಿನ ಮೇಲೆ ಊರು ಕಟ್ಟಿದಂತೆ. ಹತ್ತು ಹಾಕಿಕೊಂಡವರಿಗೆ ಆ ಹತ್ತು ಏನು ಮಾಡುತ್ತವೆ ಅನ್ನುವುದಾದರೂ ಗೊತ್ತಿರುತ್ತದೆ.

ಭಾರತದ ಆಡುಗರಿಗೆ ಇನ್ನೊಂದು ಆಮಿಷ ಇದೆ, ತಮ್ಮ ಊರಿನ ವೇಷ. ಕಂಪನಿ 'ಮಾಡರ್ನ್ ಜಪಾನ್', 'ಹಾರ್ಟ್ ಆಫ್ ಕೊರಿಯಾ', 'ಆಫ್ರಿಕಾ ಇನ್ ಮಿನಿಯೇಚರ್' ಎಂದೆಲ್ಲ ಕಟ್ಟಡಗಳ ಪ್ಯಾಕ್ ತಂದಿತು. ಎರಡನೇ ಆವೃತ್ತಿಗೆ ಮೊದಲು ಘೋಷಿಸಿದ ಎಂಟು ಪ್ರದೇಶಗಳ ಉಚಿತ ಪ್ಯಾಕ್‌ಗಳಲ್ಲಿ ಫ್ರಾನ್ಸ್, ಜರ್ಮನಿ, ಬ್ರಿಟನ್, ಪೂರ್ವ ಯುರೋಪು, ಜಪಾನ್, ಚೀನಾ, ಜೊತೆಗೆ ಅಮೆರಿಕದ್ದೇ ಎರಡು. ಭಾರತ ಇಲ್ಲ. ಬೇಸರವಾಗುವುದು ಸಹಜ. ಹಾಗಾಗಿ ವರ್ಕ್‌ಶಾಪ್‌ನಲ್ಲಿ ಆಟೋರಿಕ್ಷಾ, ನಮ್ಮ ರೈಲು ಎಂಜಿನ್ ಸಿಕ್ಕಿದರೆ ಖುಷಿಯಾಗಿ ಹಾಕಿಕೊಳ್ಳುತ್ತಾರೆ. ಹಾಕಿಕೊಳ್ಳಲಿ. ವಾಹನ ಎಡಕ್ಕೆ ಓಡಿಸುವ ಆಯ್ಕೆ ಮೂಲ ಆಟದಲ್ಲೇ ಇದೆ, ಅದನ್ನೂ ಒತ್ತಲಿ. ಆದರೆ ಆಟೋ ಬಂದ ಮಾತ್ರಕ್ಕೆ ಆಟೋಸ್ಟ್ಯಾಂಡ್ ಬರುವುದಿಲ್ಲ, ಮೀಟರಿನ ಜಗಳ ಬರುವುದಿಲ್ಲ. ಅದು ಕಾರಿನ ಮೇಲೆ ಹೊದಿಸಿದ ಆಟೋ ಚಿತ್ರ. ತಳ್ಳುಗಾಡಿ, ಫುಟ್‌ಪಾತ್ ವ್ಯಾಪಾರ, ಕೂಲಿಯವರ ಶೆಡ್ಡು, ಧಾರಾವಿಯಂಥ ದುಡಿಯುವ ಬಡಾವಣೆ ಈ ಆಟದ ಯಾವ ಪೊಟ್ಟಣದಲ್ಲೂ ಇಲ್ಲ. ಭಾರತದ ಹೆಸರಿನ ಪ್ಯಾಕ್ ನಾಳೆ ಬಂದರೂ ಅದರಲ್ಲಿ ಗೋಪುರ, ಗುಮ್ಮಟ, ಗಾಜಿನ ಐಟಿ ಪಾರ್ಕ್ ಇರುತ್ತವೆಯೇ ಹೊರತು ಇವು ಇರುವ ಸಂಭವ ಕಡಿಮೆ. ಕೇಳುವುದಾದರೆ ಇವನ್ನು ಕೇಳಬೇಕು.

ಕೊನೆಗೆ, ಕೇಳಿದ ಪ್ರಶ್ನೆಗೆ ನೇರ ಉತ್ತರ. ಮೊದಲು ಹತ್ತು ಹನ್ನೆರಡು ಗಂಟೆ ಮೂಲ ಆಟವನ್ನಷ್ಟೇ ಆಡಬೇಕು, ಅದು ಏನನ್ನು ಮುಚ್ಚಿಡುತ್ತದೆ ಅನ್ನುವುದು ಗೊತ್ತಾಗುವವರೆಗೆ. ಆಮೇಲೆ 'ಟ್ರಾಫಿಕ್ ಮ್ಯಾನೇಜರ್' ಹಾಕಿ ಮಾಯವಾಗುವ ವಾಹನಗಳನ್ನು ನಿಲ್ಲಿಸಬೇಕು. ಊರು ಕಟ್ಟಿಕೊಂಡು ನಿಂತಾಗ, ಆಗ ಮಾತ್ರ, 'ಆಫ್ಟರ್ ಡಾರ್ಕ್' ಮತ್ತು 'ಮಾಸ್ ಟ್ರಾನ್ಸಿಟ್' ಕೊಳ್ಳಬೇಕು. ಬಸ್ ಪಥದ ಬೆಲೆ ಆಗ ತಿಳಿದಿರುತ್ತದೆ. ನಡಿಗೆಯ ಬೀದಿಗಾಗಿ 'ಪ್ಲಾಜಾಸ್ ಅಂಡ್ ಪ್ರೊಮನೇಡ್ಸ್' ಯೋಗ್ಯ. ಸಾಮಾನು ಎಲ್ಲಿ ಹುಟ್ಟಿ ಯಾವ ಲಾರಿಯಲ್ಲಿ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ತೋರಿಸುವ 'ಇಂಡಸ್ಟ್ರೀಸ್' ಯೋಗ್ಯ, ಅದು ಕ್ರಿಯಾಪದದ ಹತ್ತಿರಕ್ಕೆ ಬರುವ ಅಪರೂಪದ ಎಕ್ಸ್‌ಪ್ಯಾನ್ಷನ್. ಮಳೆಗೆ 'ರೈನ್‌ಫಾಲ್', ಸಾವಿಗೆ 'ಲೈಫ್‌ಸೈಕಲ್ ರಿಬ್ಯಾಲೆನ್ಸ್'. 'ಏರ್‌ಪೋರ್ಟ್ಸ್', 'ಫೈನಾನ್ಷಿಯಲ್ ಡಿಸ್ಟ್ರಿಕ್ಟ್ಸ್', 'ಹೋಟೆಲ್ಸ್ ಅಂಡ್ ರಿಟ್ರೀಟ್ಸ್' ಬಿಟ್ಟರೆ ಊರಿಗೆ ಏನೂ ನಷ್ಟವಿಲ್ಲ. ಟ್ರಾಮ್ ಇಲ್ಲದೆ ಆಗುವುದಿಲ್ಲ ಅನ್ನುವವರು ಹಿಮವನ್ನೂ ಕೊಳ್ಳಲಿ, ಆದರೆ ರಿಯಾಯಿತಿಯಲ್ಲಿ, ಸ್ವಲ್ಪ ಸಿಟ್ಟಿನಿಂದಲೇ ಕೊಳ್ಳಲಿ. ಒಂದು ಸಲಕ್ಕೆ ಒಂದೇ ಮಾಡ್ ಸೇರಿಸಬೇಕು, ಅದು ಊರಿನಲ್ಲಿ ಏನನ್ನು ಬದಲಾಯಿಸಿತು ಎಂದು ಒಂದು ಸಂಜೆ ನೋಡಬೇಕು, ಆಮೇಲೆ ಇನ್ನೊಂದು.

ಪ್ರತಿ ಸಲ 'ಕೊಳ್ಳಿ' ಅಥವಾ 'ಸಬ್‌ಸ್ಕ್ರೈಬ್' ಒತ್ತುವ ಮುಂಚೆ ಕೇಳಿಕೊಳ್ಳಲು ಒಂದೇ ಪ್ರಶ್ನೆ ಸಾಕು: ಇದು ಬಂದ ಮೇಲೆ ಊರಿನ ಕಷ್ಟ ಹೆಚ್ಚು ಕಾಣಿಸುತ್ತದೆಯೋ, ಕಡಿಮೆ ಕಾಣಿಸುತ್ತದೆಯೋ? ಹೆಚ್ಚು ಕಾಣಿಸಿದರೆ ಹಾಕಿಕೊಳ್ಳಬಹುದು. ಕಡಿಮೆ ಕಾಣಿಸುವುದೇ ಬೇಕಿದ್ದರೆ ಅದಕ್ಕೆ ಆಟವೇ ಬೇಕಿಲ್ಲ, ಯಾವ ನಗರದ ವಿಮಾನ ನಿಲ್ದಾಣದಲ್ಲೂ ತೂಗುಹಾಕಿರುವ ಸ್ಮಾರ್ಟ್ ಸಿಟಿ ಚಿತ್ರಪಟಗಳು ಸಾಕು.